ತೊಂಬತ್ತೊಂಬತ್ತು ಕುರಿ ಕಾದವರು

ನೆನೆದು ಒಣಗಿದ ಕರಿಕಂಬಳಿಗೆ ಅದರದೇ ಒಂದು ವಾಸನೆ. ಕುರಿಯ ಮೈ, ಒಲೆಯ ಹೊಗೆ, ಯಾವತ್ತೋ ಬಿದ್ದ ಮಳೆ, ಒಂದಿಷ್ಟು ಬೀಡಿ ಎಲ್ಲ ಸೇರಿದ್ದು. ಕಳೆದ ಡಿಸೆಂಬರಿನಲ್ಲಿ ಕೂಡ್ಲಿಗಿಯ ನಮ್ಮ ಚರ್ಚಿನ ಸಭಾಭವನದಲ್ಲಿ ಯುವಜನ ಸಂಘದ ಪ್ರಿಯಾ ಎಂಬ ಹುಡುಗಿ ಕುರುಬನ ವೇಷಕ್ಕೆಂದು ತಂದ ಅಂಥದೊಂದು ಕಂಬಳಿಯನ್ನು ಕೊಡವಿದಳು. ನಾನು ಕೈಯಲ್ಲಿದ್ದ ಪಟ್ಟಿಯನ್ನು ಮಡಿಚಿ ಸಿಕ್ಕ ಕುರ್ಚಿಯಲ್ಲಿ ಕೂತುಬಿಟ್ಟೆ. ಪಟ್ಟಿ ನನ್ನದೇ. ವೇದಿಕೆಯ ಹಲಗೆ ಗಟ್ಟಿಯಿದೆಯೇ, ದೀಪದ ವೈರು ಎಲ್ಲಾದರೂ ಸುಲಿದಿದೆಯೇ, ಕರೆಂಟು ಹೋದರೆ ಏನು ಗತಿ, ಇಂಥವೇ ಹದಿನೇಳು ಚಿಂತೆಗಳು. ಕ್ರಿಸ್‌ಮಸ್ಸಿನ ಹಾಡು-ನಾಟಕಕ್ಕೆ ನೆರವಾಗಿ ಎಂದು ಹುಡುಗರು ಕರೆದಿದ್ದರು. ನಾನು ಒದಗಿಸುತ್ತಿದ್ದುದು ಹೆಚ್ಚಾಗಿ ಹೆದರಿಕೆಯನ್ನೇ. ನನ್ನ ಹೆಸರು ಶಾಂತಿ. ಇಟ್ಟವರು ತೀರಿಕೊಂಡಿದ್ದಾರೆ, ಯಾಕಿಟ್ಟಿರಿ ಎಂದು ಕೇಳುವ ಹಾಗೂ ಇಲ್ಲ.

ಆ ಸಭಾಭವನ ನಿಂತಿರುವುದು ನಮ್ಮ ಮನೆ ಇದ್ದ ಜಾಗದಲ್ಲಿ. ಅಪ್ಪ ಚರ್ಚಿನ ಶಾಲೆಯಲ್ಲಿ ಮೇಷ್ಟ್ರು. ಅವನಿಗೆ ಕೊಟ್ಟಿದ್ದ ಎರಡು ಕೋಣೆಯ ಕಲ್ಲುಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ ಸಾಮಣ್ಣ, ನಾನು, ಮತ್ತು ಮನೆಯೇ ಸುಸ್ತಾದಂತೆ ಉಸಿರುಬಿಡುತ್ತಿದ್ದ ಒಂದು ಹಾರ್ಮೋನಿಯಂ ವಾಸವಾಗಿದ್ದೆವು. ಈಗ ವೇದಿಕೆಯ ಎಡಗಡೆ ಧ್ವನಿಪೆಟ್ಟಿಗೆ ಇಡುವ ಮೂಲೆಯಿದೆಯಲ್ಲ, ಅಲ್ಲಿ ಅಮ್ಮನ ಒಲೆಯಿತ್ತು. ರೊಟ್ಟಿ ತಟ್ಟುವ ಸದ್ದಿಗೆ ಅಪ್ಪ ತಾಳ ಹಿಡಿದು ಹಾಡು ಕಟ್ಟುತ್ತಿದ್ದ. ನನಗೆ ಒಂಬತ್ತು, ಅಣ್ಣನಿಗೆ ಹನ್ನೊಂದು ಆಗಿದ್ದ ವರ್ಷ ಅಪ್ಪ ಕಟ್ಟಿದ್ದೂ ಈಗ ಹುಡುಗರು ಆಡಹೊರಟಿದ್ದ ಇದೇ ಕಥೆ: ನೂರು ಕುರಿಗಳಲ್ಲಿ ಒಂದು ತಪ್ಪಿಹೋಗುತ್ತದೆ, ಕುರುಬ ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಅದೊಂದನ್ನು ಹುಡುಕಿ ಹೋಗುತ್ತಾನೆ, ಹೆಗಲ ಮೇಲೆ ಹೊತ್ತು ತರುತ್ತಾನೆ. ಅಣ್ಣನೇ ಕುರುಬ. ಕಂಬಳಿ ಕೊಟ್ಟವನು ಮೈಲಾರಪ್ಪ. ಚರ್ಚಿನ ಹಿಂದಿನ ಹೊಲಗಳಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬುತ್ತಿದ್ದ ನಿಜವಾದ ಕುರುಬ. ಬೆಳಿಗ್ಗೆ ನಮ್ಮ ಕಟ್ಟೆಯ ಮೇಲೆ ಕೂತು ಚಾ ಕುಡಿಯುತ್ತ ಹಾಡಿನ ತಾಲೀಮು ಕೇಳುತ್ತಿದ್ದ. ನಾಲ್ಕು ದಿನ ಸುಮ್ಮನೆ ಕೇಳಿದವನು ಐದನೆಯ ದಿನ ಲೋಟ ಕೆಳಗಿಟ್ಟ.

"ಮಾಸ್ತರ, ಒಂದು ಕೇಳ್ತೀನಿ ಸಿಟ್ಟಾಗಬ್ಯಾಡ್ರಿ. ಉಳದ ತೊಂಬತ್ತೊಂಬತ್ತನ್ನ ಯಾರ ಕೈಯಾಗ ಬಿಟ್ಟು ಹೋದ?"

ಅಪ್ಪ ಹಾರ್ಮೋನಿಯಂ ನಿಲ್ಲಿಸಿ, ಅದು ಬೈಬಲಿನಲ್ಲಿ ಬರೆದಿಲ್ಲ ಎಂದ.

"ಬರದಿಲ್ಲ ಅನ್ನೋದು ತೋಳಕ್ಕ ಗೊತ್ತಿರತೈತೇನ್ರಿ?"

ಅಮ್ಮ ಒಳಗಿನಿಂದಲೇ ನಕ್ಕಳು. ಅಪ್ಪ ನಗಲಿಲ್ಲ. ಎರಡು ದಿನ ಊಟ ಸರಿಯಾಗಿ ಮಾಡದೆ, ಮೂರನೆಯ ದಿನ ಹೊಸ ಪಾತ್ರ ಬರೆದ. ಕುರುಬ ಹೊರಗೆ ಹೋದಾಗ ಉಳಿದ ಕುರಿಗಳ ಹತ್ತಿರ ನಿಲ್ಲುವ ಹುಡುಗಿ. ಹಗಲೂ ರಾತ್ರಿ ಬಾಗಿಲು ಹಾಕಿದೆಯೋ, ನೀರಿನ ಮಡಕೆ ಮುಚ್ಚಿದೆಯೋ ಎಂದು ನೋಡುತ್ತ ತಿರುಗುತ್ತಿದ್ದ ನನಗಿಂತ ತಕ್ಕವರು ಊರಲ್ಲಿ ಇರಲಿಲ್ಲ. ಚರ್ಚಿನಲ್ಲಿ ಕೂತ ಜನರೇ ಕುರಿಗಳು, ಅವರನ್ನು ನೋಡಿ ಹಾಡಬೇಕು:

ಹೋದವನ ಹೆಜ್ಜೆ ಕೇಳಿಸುವ ತನಕ
ನಾನಿಲ್ಲೇ ಇರುವೆ, ನೀವಿಲ್ಲೇ ಇರಿ.

ನಾಟಕದ ದಿನ ಜನರನ್ನು ಎಣಿಸಿದೆ. ಅರವತ್ತಮೂರು. ಮೂವತ್ತಾರು ಕುರಿ ಕಡಿಮೆ ಎಂದು ಮತ್ತೊಮ್ಮೆ ಎಣಿಸಿದೆ. ಅಣ್ಣ ಕೋಲು ಹಿಡಿದು ಜನರ ನಡುವೆ ಹಾದು ಬಾಗಿಲಾಚೆ ಹೋದ. ಅಲ್ಲಿ ಬೇವಿನ ಮರದಡಿ ಮೈಲಾರಪ್ಪ ಮರಿ ಹಿಡಿದು ನಿಂತಿರಬೇಕಿತ್ತು. ನಿಂತಿದ್ದ, ಆದರೆ ಅಣ್ಣನ ವೇಷ ನೋಡಿ ಬೆದರಿದ ಮರಿ ನಿಜವಾಗಿಯೇ ತಪ್ಪಿಸಿಕೊಂಡಿತು. ಅವರಿಬ್ಬರೂ ಹೊರಗೆ ಜಾಲಿಗಿಡಗಳ ನಡುವೆ ಅದನ್ನು ಅಟ್ಟಿಸಿಕೊಂಡು ಓಡುತ್ತಿದ್ದರೆ ನಾನು ಒಳಗೆ ಆ ಎರಡು ಸಾಲನ್ನು ಹನ್ನೊಂದು ಸಲ ಹಾಡಿದೆ. ಏಳನೆಯ ಸಲಕ್ಕೆ ಪಾದ್ರಿಗಳು ಕೆಮ್ಮಿದರು. ಅಪ್ಪ ಮಾತ್ರ ಕಣ್ಣುಮುಚ್ಚಿ, ಪ್ರತಿ ಸಲವೂ ಮೊದಲ ಸಲವೆಂಬಂತೆ ಬಾರಿಸಿದ. ಕೊನೆಗೆ ಅಣ್ಣ ಬಂದ. ಅಂಗಿಯ ತುಂಬ ಮುಳ್ಳು, ಹೆಗಲ ಮೇಲೆ ಮರಿ. ಪಕ್ಕಕ್ಕೆ ಬಂದು ಪಿಸುಗುಟ್ಟಿದ:

"ಇನ್ನೂ ಹಾಡಾಕತ್ತೀಯೇನು, ಹುಚ್ಚಿ?"

"ನೀ ಬರೋತನ ಹಾಡು ಅಂತ ಅಪ್ಪ ಹೇಳ್ಯಾನ," ಎಂದೆ.

ಆರು ವರ್ಷ ಕಳೆದ ಮೇಲೆ, ಪಿಯುಸಿ ಫೇಲಾದ ಮಾರನೆಯ ಬೆಳಿಗ್ಗೆ, ಅಪ್ಪ ಜೀವಮಾನದಲ್ಲಿ ಒಂದೇ ಒಂದು ಸಲ ಹೊಡೆದದ್ದಕ್ಕೆ ಸಾಮಣ್ಣ ಮನೆ ಬಿಟ್ಟು ಹೋದ. ಬಸ್‌ಸ್ಟ್ಯಾಂಡಿನಲ್ಲಿ ಕಂಡೆವು ಎಂದವರಿದ್ದರು, ಯಾವ ಬಸ್ಸು ಎಂದು ಹೇಳಬಲ್ಲವರಿರಲಿಲ್ಲ. ಅಪ್ಪ ಶನಿವಾರ ಶಾಲೆ ಬಿಟ್ಟೊಡನೆ ಅಣ್ಣನ ಫೋಟೋ ಜೇಬಿನಲ್ಲಿಟ್ಟು ಬಸ್ಸು ಹತ್ತುತ್ತಿದ್ದ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ, ಹಡಗಲಿ, ಮತ್ತೆ ಕೊಟ್ಟೂರು. ಹೋಟೆಲು, ಗ್ಯಾರೇಜು, ಅಕ್ಕಿ ಗಿರಣಿಗಳಲ್ಲಿ ಕೇಳಿ ಭಾನುವಾರ ಸಂಜೆ ದೂಳು ಮೆತ್ತಿಕೊಂಡು ಬರುತ್ತಿದ್ದ. ಹೀಗೆ ನಾಲ್ಕು ವರ್ಷ. ಹಾರ್ಮೋನಿಯಂ ಮೇಲೆ ಅಮ್ಮ ಒಗೆದ ಬಟ್ಟೆ ಮಡಿಚಿಡತೊಡಗಿದಳು. ಒಂದು ಸಲ ನಾನು ತಡೆಯಲಾರದೆ, ಉಳಿದವರು ಅಪ್ಪನ ಕಣ್ಣಿಗೆ ಬೀಳುವುದಿಲ್ಲವೇನು ಎಂದು ಅಮ್ಮನನ್ನು ಕೇಳಿದೆ. ಅವಳು ಹಿಟ್ಟು ನಾದುತ್ತಲೇ ಇದ್ದಳು.

ಆ ಭಾನುವಾರಗಳ ಬೆಳಿಗ್ಗೆ ಮೈಲಾರಪ್ಪ ತಪ್ಪದೆ ಬರುತ್ತಿದ್ದ. ಕಟ್ಟೆಯ ಮೇಲೆ ಕೋಲು ಒರಗಿಸಿ ಕೂತು, "ಎಷ್ಟು ಅದಾವವ್ವಾ?" ಎಂದು ನನ್ನನ್ನು ಕೇಳುವನು. "ಎರಡು," ಎನ್ನುವೆ, ಅಮ್ಮ ಮತ್ತು ನಾನು. "ಬರೋಬ್ಬರಿ ಐತಿ," ಎಂದು ಚಾ ಕುಡಿದು ಹೋಗುವನು. ಹಳೆಯ ನಾಟಕದ ತಮಾಷೆ ಎಂದುಕೊಂಡಿದ್ದೆ. ಕೆಲವು ದಿನ ಆ ತಮಾಷೆಗೆ ಸಿಟ್ಟೂ ಬರುತ್ತಿತ್ತು.

ಅಣ್ಣ ಸಿಗಲಿಲ್ಲ. ಅಪ್ಪನ ಮೊಣಕಾಲು ಸೋತವು, ಆಮೇಲೆ ಎದೆ. ಅವನನ್ನು ಮಣ್ಣು ಮಾಡಿ ಬಂದ ಮೂರನೆಯ ದಿನವೂ ಮೈಲಾರಪ್ಪ ಅದೇ ಪ್ರಶ್ನೆ ಕೇಳಿದ. ಅವತ್ತು ನಾನು, ಯಾವಾಗಲೂ ಅದನ್ನೇ ಯಾಕೆ ಕೇಳುತ್ತೀ ಎಂದು ಜೋರಾಗಿಯೇ ಅಂದೆ. ಅವನು ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ.

"ನಾನ ಕೇಳಿದ್ನಲ್ಲವ್ವಾ ಅವತ್ತು, ಉಳದಾವನ್ನ ಯಾರ ಕೈಯಾಗ ಬಿಟ್ಟು ಹೋದ ಅಂತ. ಅದಕ್ಕ ಮಾಸ್ತರ ಶನಿವಾರಕ್ಕೊಮ್ಮೆ ಹಟ್ಟಿ ತನಕ ಬಂದು, ಮೈಲಾರಪ್ಪಾ, ನಾ ಬರೋತನ ನನ್ನ ಎರಡು ನೋಡ್ಕೋ ಅಂತ ಹೇಳಿ ಬಸ್ ಹತ್ತತಿದ್ದ."

ಅಮ್ಮ ಹೋದಳು, ಮೈಲಾರಪ್ಪ ಹೋದ, ಮನೆಯನ್ನು ಕೆಡವಿದರು. ಹಾರ್ಮೋನಿಯಂ ಗೆದ್ದಲಿಗಾಯಿತು. ಅಪ್ಪ ಕಟ್ಟಿದ ಹಾಡುಗಳಲ್ಲಿ ನನಗೆ ಬಾಯಿಗೆ ಬರುವುದು ನನ್ನ ಪಾಲಿನ ಆ ಎರಡೇ ಸಾಲು. ನಾನು ಬಾಯಿ ಬಿಡದಿದ್ದರೆ ಅವೂ ನನ್ನೊಡನೆ ಮುಗಿಯುತ್ತವೆ. ಅದಕ್ಕೇ ಅವತ್ತು ಕುರ್ಚಿಯಿಂದ ಎದ್ದು, ನಾಟಕದಲ್ಲಿ ಇನ್ನೊಂದು ಪಾತ್ರ ಬೇಕು ಎಂದೆ. ಪಟ್ಟಿಯಲ್ಲಿ ಇಲ್ಲದ ಚಿಂತೆ ಅದೊಂದೇ.

"ಆಂಟಿ, ಅದು ಬೈಬಲ್‌ನ್ಯಾಗ ಇಲ್ಲಲ್ರಿ," ಎಂದಳು ಪ್ರಿಯಾ.

ಮೈಲಾರಪ್ಪನ ತೋಳದ ಮಾತು ಹೇಳಿದೆ. ಹುಡುಗರೆಲ್ಲ ನಕ್ಕರು. ಆದರೆ ಸುಮ್ಮನೆ ನಿಂತು ಎರಡು ಸಾಲು ಹಾಡುವ ಪಾತ್ರ ಯಾರಿಗೂ ಬೇಕಿರಲಿಲ್ಲ. ಪ್ರಿಯಾ ನನ್ನನ್ನೇ ನೋಡಿ, "ನೀವ ನಿಂದರ್ರಿ ಆಂಟಿ, ಹೆಂಗೂ ಚಿಂತಿ ಮಾಡಕೊಂತನ ನಿಂತಿರ್ತೀರಿ," ಎಂದಳು.

ನಾಟಕದ ಸಂಜೆ ಅಮ್ಮನ ಒಲೆಯಿದ್ದ ಮೂಲೆಯ ಪಕ್ಕದಲ್ಲೇ ನಿಂತೆ. ಜನ ನೂರಕ್ಕೆ ಮೀರಿದ್ದರು; ಎಣಿಸಲಿಲ್ಲ. ಕುರುಬನ ವೇಷದ ಹುಡುಗ ಕಂಬಳಿಯ ವಾಸನೆಯನ್ನು ನನ್ನ ಮುಂದೆಯೇ ಎಳೆದುಕೊಂಡು ಬಾಗಿಲಾಚೆ ಹೋದ. ಹಾಡಲು ಶುರುಮಾಡಿದೆ. ಹನ್ನೊಂದು ಸಲಕ್ಕೆ, ಬೇಕಾದರೆ ಇನ್ನೂ ಹೆಚ್ಚಿಗೆ, ಉಸಿರು ಕೂಡಿಟ್ಟುಕೊಂಡು ಬಂದಿದ್ದೆ. ಆದರೆ ಈಗಿನ ಹುಡುಗರ ಕೆಲಸ ಅಚ್ಚುಕಟ್ಟು. ಮರಿಯನ್ನು ಮೊದಲೇ ಬಾಗಿಲ ಪಕ್ಕ ಕಟ್ಟಿಟ್ಟಿದ್ದರು. ಎರಡನೆಯ ಸಲ "ಹೋದವನ ಹೆಜ್ಜೆ" ಎನ್ನುವಷ್ಟರಲ್ಲಿ ಅವನು ಹೆಗಲ ಮೇಲೆ ಮರಿ ಹೊತ್ತು ನಗುತ್ತ ಬಂದೇಬಿಟ್ಟ. ಜನ ಚಪ್ಪಾಳೆ ತಟ್ಟಿದರು. ನಾನು ಅಲ್ಲಿಗೇ ನಿಲ್ಲಿಸಬೇಕಾಯಿತು. ಆಂಟಿ ಸಾಲು ಮರೆತರು ಎಂದುಕೊಂಡಿರಬೇಕು ಎಲ್ಲರೂ. ಮರೆತಿರಲಿಲ್ಲ, ಉಳಿದದ್ದು ಬಾಯಲ್ಲೇ ಇತ್ತು, ಇನ್ನೂ ಇದೆ.