ಸುಣ್ಣದ ಗೆರೆಯ ಆಚೆಯ ಬಾವಿ

ಐದು ಗಂಟೆಗೆ ಒಲೆ, ಐದೂವರೆಗೆ ಬಿಸಿನೀರು, ಏಳಕ್ಕೆ ಹಾಸಿಗೆಗಳು ಬಿಸಿಲಿಗೆ. ಆಳಂದದ ಮುದುಕರ ಮನೆಯಲ್ಲಿ ನಾನಿದ್ದ ನಾಲ್ಕು ವರ್ಷದಲ್ಲಿ ಈ ಕ್ರಮ ತಪ್ಪಿದ್ದು ಒಂದೇ ದಿನ. ಅದು ಯಾವಾಗ ತಪ್ಪಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

ಅದು ನಿಜಾಮರ ಕಾಲ. ದೂರದಲ್ಲೆಲ್ಲೋ ಮಹಾಯುದ್ಧ ನಡೆದಿತ್ತು, ನಮ್ಮಲ್ಲಿ ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಕಲಬುರ್ಗಿಯ ದವಾಖಾನೆಯೊಂದರಲ್ಲಿ ಎರಡು ವರ್ಷ ನರ್ಸ್ ಕೆಲಸ ಕಲಿತು ಬಂದಿದ್ದ ನನಗೆ ಆಗ ಇಪ್ಪತ್ತೆರಡು. ಊರ ಅಂಚಿನಲ್ಲಿ ಸಾವುಕಾರರೊಬ್ಬರು ತಮ್ಮ ಹಳೆಯ ಹತ್ತಿಯ ಗೋದಾಮನ್ನು ಯಾರೂ ಇಲ್ಲದ ಮುದುಕರಿಗೆಂದು ಬಿಟ್ಟುಕೊಟ್ಟಿದ್ದರು. ಅಲ್ಲಿ ಹನ್ನೆರಡು ಜನ. ಅವರೆಲ್ಲರಿಗೂ ನಾನು 'ಬಾಯಾರು', ಎಂದರೆ ಅಮ್ಮಾವರು. ವಯಸ್ಸಿನಲ್ಲಿ ಅವರ ಮೊಮ್ಮಗಳಂತಿದ್ದರೂ ಗಂಟೆ ಬಾರಿಸುವವಳು ನಾನೇ.

ಅವರಲ್ಲಿ ಮೂವರನ್ನು ಮೊದಲೇ ಪರಿಚಯಿಸಬೇಕು. ಕಣ್ಣು ಕಾಣದ ಜಂಗಮರು ಒಬ್ಬರು. ಅವರನ್ನು ಎಲ್ಲರೂ ಮುತ್ಯಾ, ಅಂದರೆ ಅಜ್ಜ, ಎನ್ನುತ್ತಿದ್ದರು. ಅವರ ಪೂಜೆಗೆ ನೀರು ತರುವ ಕೆಲಸವನ್ನು ತಾನೇ ಹೊತ್ತುಕೊಂಡಿದ್ದ ಆಯಿ ಒಬ್ಬಳು. ನಡು ಬಾಗಿದ್ದರೂ ಅವಳ ಕೊಡ ತುಳುಕುತ್ತಿರಲಿಲ್ಲ. ಮೂರನೆಯವನು ಕಾಕಾ, ಕಚೇರಿಯಲ್ಲಿ ಜವಾನನಾಗಿದ್ದ ಮುಸಲ್ಮಾನ. ನಮ್ಮಲ್ಲಿಗೆ ಬಂದ ದಿನವೇ ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತವನು ತನ್ನನ್ನು ತಾನೇ ಪಹರೆಗೆ ನೇಮಿಸಿಕೊಂಡ.

ಆ ವರ್ಷ ಬೇಸಿಗೆಯ ಕೊನೆಗೆ ಕಾಲರಾ ಬಂತು. ಬಂಡಿಯವರು ಮೊದಲು ಜೇವರ್ಗಿ ಕಡೆಯ ಕೊಳಕೂರಿನ ಸುದ್ದಿ ತಂದರು, ಆಮೇಲೆ ಅಫಜಲಪುರದ ಸುದ್ದಿ. ಹದಿನೈದು ದಿನದಲ್ಲಿ ಆಳಂದದ ಓಣಿಯಲ್ಲೇ ಜನ ಮಲಗತೊಡಗಿದರು. ಗಟ್ಟಿಮುಟ್ಟಾದ ಆಳನ್ನೇ ಒಂದು ಹಗಲಿನಲ್ಲಿ ಹಿಂಡಿ ಹಾಕುವ ಬೇನೆ ಅದು. ನಮ್ಮ ಮನೆಯೊಳಗೆ ಕಾಲಿಟ್ಟರೆ ಹನ್ನೆರಡರಲ್ಲಿ ಎಷ್ಟು ಜನ ಉಳಿಯುತ್ತಾರೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಊರಿಗೆ ಬೇನೆ ಬಂದ ದಿನವೇ ಒಂದು ಬುಟ್ಟಿ ಸುಣ್ಣ ತರಿಸಿ ಅಂಗಳದ ಸುತ್ತ ಗೆರೆ ಎಳೆದೆ. ಹೊರಗಿನವರು ಗೆರೆ ದಾಟಬಾರದು, ಒಳಗಿನವರೂ ದಾಟಬಾರದು. ತಂದ ಜೋಳ, ಬೇಳೆ ಹೊರಗಿನ ಕಲ್ಲಿನ ಮೇಲಿರಲಿ. ನಮ್ಮ ಬಾವಿಗೆ ಸರ್ಕಾರದವರು ಕ್ರಿಮಿ ಕೊಲ್ಲುವ ಕೆಂಪು ಪುಡಿ ಹಾಕಿ ಹೋಗಿದ್ದರು. ಆ ನೀರನ್ನೂ ನಾನು ಕುದಿಸದೆ ಯಾರಿಗೂ ಕೊಡುತ್ತಿರಲಿಲ್ಲ. ಊಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ನಿಂತು ಕೈ ತೋರಿಸಬೇಕು.

ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರಿಗೆ ಅದು ಆಟವಾಯಿತು. ಕಾಕಾ ತನ್ನ ಜವಾನಗಿರಿಯ ಹಳೆಯ ಕೆಂಪು ಪಟ್ಟಿಯನ್ನು ಪೆಟ್ಟಿಗೆಯಿಂದ ತೆಗೆದು ಹೆಗಲಿಗೆ ಹಾಕಿಕೊಂಡ. ಮನೆ ಕೊಟ್ಟ ಸಾವುಕಾರರನ್ನೇ ಗೆರೆಯ ಹೊರಗೆ ಬಿಸಿಲಲ್ಲಿ ನಿಲ್ಲಿಸಿ, ಒಳಗೆ ಬಂದು ನನಗೆ ವರದಿ ಒಪ್ಪಿಸಿದ. ಸರಸಂಬಾದಿಂದ ಕಡಕ್ ರೊಟ್ಟಿ ಹೊತ್ತು ಬಂದಿದ್ದ ಹೆಂಗಸೊಬ್ಬಳು ನಮ್ಮಲ್ಲಿದ್ದ ತನ್ನ ಕಿವುಡಿ ಚಿಕ್ಕವ್ವನೊಡನೆ ಗೆರೆಯ ಆಚೆಯಿಂದ ಕೂಗಿ ಮಾತಾಡಿದಳು. ಅವರ ಎಮ್ಮೆ ಈದದ್ದು, ಅತ್ತೆ ಮುನಿಸಿಕೊಂಡು ತವರಿಗೆ ಹೋದದ್ದು ಎಲ್ಲ ಓಣಿಗೆ ಓಣಿಯೇ ತಿಳಿಯಿತು. ರೊಟ್ಟಿಯನ್ನು ನಾನು ಮತ್ತೆ ಹೆಂಚಿನ ಮೇಲೆ ಬಿಸಿ ಮಾಡಿಯೇ ಕೊಟ್ಟೆ.

ಎಂಟು ದಿನ ಹೀಗೆ ಕಳೆದವು. ನನ್ನ ಕ್ರಮದ ಬಗ್ಗೆ ನನಗೇ ಹೆಮ್ಮೆ ಬಂದಿತ್ತು. ಒಂಬತ್ತನೆಯ ಬೆಳಿಗ್ಗೆ ಕಾಕಾ ತನ್ನ ಲೋಟ ಹಿಡಿದು ಅಡಿಗೆಮನೆಯ ಹೊಸ್ತಿಲಿಗೆ ಬಂದ.

"ಬಾಯಾರ, ನಾ ಕುಡಿಯೋ ನೀರು ಕುದಸ್ತೀರಿ, ಪಾತ್ರಿ ತೊಳಿಯೋ ನೀರು ಕುದಸ್ತೀರಿ. ಮುತ್ಯಾನ ಬಟ್ಟಲದಾಗಿನ ನೀರು ಯಾವಾಗ ಕುದಸ್ತೀರಿ?"

ಅದು ನೀರಲ್ಲ, ತೀರ್ಥ ಎಂದೆ.

"ಹೌದ್ರಿ, ಖರೇ. ಆದ್ರ ಬರೋದು ಬಾವಿಂದನ ಅಲ್ರಿ?"

ಕೈಯಲ್ಲಿದ್ದ ಸೌಟು ಕೆಳಗಿಟ್ಟೆ.

ನಮ್ಮಲ್ಲಿ ದಿನಾ ಬೆಳಿಗ್ಗೆ ಮುತ್ಯಾನ ಪಾದ ತೊಳೆದು, ಆ ನೀರನ್ನು ಪಾದೋದಕವೆಂದು ಒಂದೇ ಬಟ್ಟಲಿನಿಂದ ಎಲ್ಲ ಶರಣರೂ ತೆಗೆದುಕೊಳ್ಳುತ್ತಿದ್ದರು. ಒಂಬತ್ತು ಜನ ಮುದುಕರು, ಹತ್ತನೆಯವಳು ನಾನು. ಆ ನೀರನ್ನು ಬೇರೆ ಯಾರೂ ಮುಟ್ಟುವ ಮುಂಚೆ ಸೇದಬೇಕು. ಅದಕ್ಕಾಗಿ ಆಯಿ ಕೋಳಿ ಕೂಗುವ ಹೊತ್ತಿಗೆ ಎದ್ದು, ಕೆಂಪು ಪುಡಿ ಬಿದ್ದ ನಮ್ಮ ಬಾವಿ ಬಿಟ್ಟು, ನೇಕಾರರ ಓಣಿಯ ಬಾವಿಗೆ ಹೋಗುತ್ತಿದ್ದಳು. ಅಂದರೆ ದಿನವೂ ಗೆರೆ ದಾಟುತ್ತಿದ್ದಳು. ಕಾಕಾ ಬಾಗಿಲು ತೆರೆಯುತ್ತಿದ್ದ, ನಾನು ಅವಳ ಒದ್ದೆ ಸೆರಗು ನೋಡುತ್ತಿದ್ದೆ. ಪೂಜೆಯ ಕೆಲಸವನ್ನು ಹೊರಗೆ ಹೋಗುವುದೆಂದು, ಪೂಜೆಯ ನೀರನ್ನು ಕುಡಿಯುವ ನೀರೆಂದು ಎಣಿಸಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ. ದವಾಖಾನೆಯಲ್ಲಿ ಕಲಿತು ಬಂದವಳು ದಿನಾ ಅಂಗೈ ಒಡ್ಡಿ ಕುಡಿದು, ಕಣ್ಣಿಗೊತ್ತಿಕೊಂಡು, ನಂತರ ಹೋಗಿ ನೀರು ಕುದಿಸುತ್ತಿದ್ದೆ.

ನೇಕಾರರ ಓಣಿಯಲ್ಲಿ ಹಿಂದಿನ ದಿನವೇ ಎರಡು ಮನೆಗೆ ಬೇನೆ ಬಂದಿತ್ತು.

ಅಂದಿನ ಪೂಜೆ ಇನ್ನೂ ಆಗಿರಲಿಲ್ಲ. ನೇರ ಮುತ್ಯಾನ ಬಳಿ ಹೋಗಿ ಎಲ್ಲ ಹೇಳಿದೆ. ಅವರು ಶಾಂತವಾಗಿ ಕೇಳಿದರು. ಬೇಕಾದರೆ ನಮ್ಮ ಬಾವಿಯ ನೀರೇ ಆಗಲಿ, ಆದರೆ ಒಲೆ ಕಂಡ ನೀರು ಪೂಜೆಗೆ ಒದಗುವುದಿಲ್ಲ, ಐವತ್ತು ವರ್ಷ ತಾವು ಹಾಗೆ ಮಾಡಿಲ್ಲ ಎಂದರು. ಹಸಿ ನೀರು ಕೊಡುವುದಿಲ್ಲ ಎಂದು ನಾನು ಹಟ ಹಿಡಿದೆ. ಹಾಗಾದರೆ ಪಾದೋದಕವಿಲ್ಲ, ಅದಿಲ್ಲದೆ ಊಟವೂ ಇಲ್ಲ ಎಂದು ಅವರು ಸುಮ್ಮನೆ ಕೂತರು. ಅವರು ಉಣ್ಣದೆ ಉಳಿದ ಎಂಟು ಜನ ಉಣ್ಣಲೊಲ್ಲರು. ಹನ್ನೊಂದರ ಊಟದ ಗಂಟೆ ಬಾರಿಸಿದೆ. ಕಾಕಾ ಮತ್ತು ಇನ್ನಿಬ್ಬರು ಬಂದು, ಸಾಲು ಖಾಲಿ ಇದ್ದದ್ದನ್ನು ನೋಡಿ, ತಾವೂ ಕೈ ಕಟ್ಟಿಕೊಂಡು ನಿಂತರು. ಬೇನೆಗೆ ಹೆದರಿ ಉಪವಾಸಕ್ಕೆ ಕೆಡವಿದೆನಲ್ಲ ಎಂದು ನನಗೆ ಅಳು ಬಂತು.

ಆಯಿ ಅಷ್ಟು ಹೊತ್ತೂ ಅಂಬಲಿಯ ಗಡಿಗೆಯ ಮುಂದೆ ಕೂತಿದ್ದಳು. ತಾನೇ ನೀರು ತಂದವಳೆಂಬ ಭಯ ಅವಳ ಮುಖದಲ್ಲಿತ್ತು. ಒಲೆ ಊದುತ್ತಲೇ ಕೇಳಿದಳು.

"ಮುತ್ಯಾ, ಈ ಅಂಬಲಿ ಒಲಿ ಮ್ಯಾಲ ಬೆಂದು ಪ್ರಸಾದ ಆಗತೈತಿ. ನೀರು ಬೆಂದ್ರ ಯಾಕ ತೀರ್ಥ ಆಗಬಾರದು?"

ಮುತ್ಯಾನ ಗಡ್ಡ ಅಲುಗಿತು. ನಗುತ್ತಿದ್ದರು.

"ಐವತ್ತು ವರ್ಷದಾಗ ಈ ಮಾತು ನನ್ನ ಯಾರೂ ಕೇಳಲಿಲ್ಲ. ಇಡ ಬೇ, ನೀರು ಇಡ."

ಅವಸರದಲ್ಲಿ ನಾನು ನೀರನ್ನು ಸರಿಯಾಗಿ ಆರಿಸಲಿಲ್ಲ. ಮೊದಲು ಸಾಬೂನು ಹಚ್ಚಿ ಪಾದ ತೊಳೆದು, ನಂತರ ಕುದಿಸಿದ ನೀರು ಹಾಕಿದಾಗ ಮುತ್ಯಾ ಕಾಲು ಮೇಲೆತ್ತಿದರು.

"ಬಾಯಾರ, ಪೂಜಿ ಮಾಡಾಕತ್ತೀರೋ, ನನ್ನ ಅಂಬಲಿ ಮಾಡಾಕತ್ತೀರೋ?"

ಇಡೀ ಗೋದಾಮು ನಕ್ಕಿತು. ಇಷ್ಟು ಸ್ವಚ್ಛ ಕಾಲು ತಮ್ಮ ಲಗ್ನದ ದಿನವೂ ಇರಲಿಲ್ಲವೆಂದು ಅವರು ಸೇರಿಸಿದರು. ಬಟ್ಟಲಿಗೆ ಯಾರೂ ಕೈ ಹಾಕದಂತೆ ಒಬ್ಬೊಬ್ಬರ ಅಂಗೈಗೆ ಸೌಟಿನಿಂದ ಮೇಲಿನಿಂದ ಎರೆದೆ. ಅಂದಿನ ಅಂಬಲಿ ತಣ್ಣಗಾಗಿತ್ತು. ಅಷ್ಟು ರುಚಿಯಾದ ಅಂಬಲಿ ನಾನು ಮತ್ತೆ ಉಂಡಿಲ್ಲ.

ಆದರೆ ಅದುವರೆಗೆ ಕುಡಿದದ್ದು ಹೊಟ್ಟೆಯಲ್ಲಿತ್ತು. ಇನ್ನು ಐದು ದಿನ ಕಾಯಬೇಕೆಂದು ಕಲಿತಿದ್ದೆ. ದಿನಕ್ಕೆ ನಾಲ್ಕು ಸಲ ಹತ್ತು ನಾಡಿ ಹಿಡಿದೆ, ಒಂದು ನನ್ನದೇ. ಮೂರನೆಯ ದಿನ ದಪ್ಪಗಿನ ಅಜ್ಜನೊಬ್ಬ ಒಂದೇ ಬೆಳಿಗ್ಗೆ ನಾಲ್ಕು ಸಲ ಹಿತ್ತಲಿಗೆ ಓಡಿದ. ಉಪ್ಪು ಬೆಲ್ಲದ ನೀರು ಕುಡಿಸುತ್ತ ಕೂತೆ. ಅವನ ಹಾಸಿಗೆ ಬದಲಿಸಲು ಹೋದ ಆಯಿ ದಿಂಬಿನ ಕೆಳಗಿನಿಂದ ಆರು ಮಾವಿನ ಗೊರಟೆ ತೆಗೆದು ಸಾಲಾಗಿ ನೆಲದ ಮೇಲಿಟ್ಟಳು. ಹಿಂದಿನ ದಿನ ನರೋಣಾದಿಂದ ಬಂದಿದ್ದ ಹಣ್ಣನ್ನು ಎಲ್ಲರಿಗೂ ಹಂಚಲೆಂದು ನಾನು ತೊಳೆದು ಇಟ್ಟಿದ್ದೆ. ಅವನು ಸಂಜೆಗೆ ಎದ್ದು ಕೂತು, ಏಳನೆಯದು ಎಲ್ಲಿ ಎಂದು ಕೇಳಿದ.

ಐದನೆಯ ದಿನದ ಸಂಜೆ ಹತ್ತೂ ನಾಡಿ ಗಡಿಯಾರದಂತೆ ಬಡಿಯುತ್ತಿದ್ದವು. ಆ ರಾತ್ರಿ ನಾನು ಗಾಢವಾಗಿ ಮಲಗಿಬಿಟ್ಟೆ.

ಬೆಳಿಗ್ಗೆ ಯಾರೋ ನನ್ನ ಹೆಬ್ಬೆರಳು ಹಿಡಿದು ಅಲುಗಿಸಿದರು. ಆಯಿ. ಗೆರೆಯೊಳಗಿನ ನಮ್ಮ ಬಾವಿಯಿಂದ ಸೇದಿದ ಕೊಡ ಅವಳ ಸೊಂಟದ ಮೇಲಿತ್ತು. ಅವಳ ಹಿಂದೆ ಕಾಕಾ ಕೆಂಪು ಪಟ್ಟಿ ಹಾಕಿಕೊಂಡು, ಸಾಕ್ಷಿಗೆ ಬಂದವನಂತೆ ನಿಂತಿದ್ದ. ಆಯಿಯೇ ಕೇಳಿದಳು.

"ಐದು ಹೊಡದು ಯಾವ ಕಾಲ ಆತ್ರಿ, ಬಾಯಾರ. ನೀರು ಕುದಿಬೇಕು. ಇನ್ನಾ ಒಲಿ ಹಚ್ಚಿಲ್ಲೇನ್ರಿ?"