ಗಂಜಿನ ಮಾಳಿಗೆಯಲ್ಲಿ ಪತ್ರಿಕೆ ಓದಿದವನು

೧೯೮೬ರ ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಆಧಾರ: ಮುಂಬಯಿಯ ಒಂದು ಇಂಗ್ಲಿಷ್ ವಾಣಿಜ್ಯ ದಿನಪತ್ರಿಕೆಯ ಅದೇ ತಾರೀಖಿನ ಸಂಚಿಕೆ. ರಾಯಚೂರಿನ ಗ್ರಂಥಾಲಯದಲ್ಲಿ ದಾರ ಹಾಕಿ ಕಟ್ಟಿಟ್ಟ ಕಡತದಲ್ಲಿ ನೋಡಿದ್ದು. ತಾರೀಖಿಗೂ ವಾರಕ್ಕೂ ಹೊಂದುತ್ತದೆಯೇ ಎಂದು ಪಂಚಾಂಗದಲ್ಲಿಯೂ ತಾಳೆ ಹಾಕಿದ್ದೇನೆ. ಹೊಂದುತ್ತದೆ.

ಇಷ್ಟು ಬಿಗಿಯಾಗಿ ಆರಂಭಿಸುವುದಕ್ಕೆ ಕಾರಣವಿದೆ. ಕಳೆದ ಭಾನುವಾರ, ಅಂದರೆ ಸೆಪ್ಟೆಂಬರ್ ಇಪ್ಪತ್ತೆಂಟರಂದು, ನಮ್ಮೂರ ಗಂಜಿನ, ಅಂದರೆ ಹತ್ತಿ ಮಾರುಕಟ್ಟೆಯ, ವ್ಯಾಪಾರಿಗಳು ನನ್ನ ಕೈಗೆ ಒಂದು ಅರ್ಜಿ ಕೊಟ್ಟು, "ಸರ್, ಇದರ ಮ್ಯಾಲ ನಿಮ್ದೊಂದು ಸಹಿ ಬೀಳ್ಲಿ" ಎಂದರು. ಅರ್ಜಿಯಲ್ಲಿ ಈ ತಾರೀಖಿತ್ತು. ಒಬ್ಬ ಮನುಷ್ಯನ ಮರ್ಯಾದೆಯೂ ಇತ್ತು. ಅದನ್ನು ಕಳೆಯಲು ನನ್ನ ಸಹಿ ಬೇಕಾಗಿತ್ತು.

ಸಹಿ ಹಾಕುವ ಮೊದಲು ನಾನು ತಾರೀಖು ನೋಡುತ್ತೇನೆ. ಇದು ನನ್ನ ರೋಗವೆಂದು ಈ ಅಂಕಣದ ಓದುಗರಿಗೆ ಗೊತ್ತು. ಗಂಜಿನವರಿಗೂ ಗೊತ್ತಿತ್ತು. ಆದರೂ ಕೊಟ್ಟರು. ಅಷ್ಟು ಧೈರ್ಯ.

ಮೊದಲು ಗಂಜಿನ ಮಾಳಿಗೆಯ ವಿಚಾರ ಹೇಳಬೇಕು. ವೀರಭದ್ರಪ್ಪ ಸಾಹುಕಾರರದು ಹತ್ತಿಯ ದಲಾಲಿ ಅಂಗಡಿ. ಕೆಳಗೆ ತಕ್ಕಡಿ, ಮೇಲೆ ಮಾಳಿಗೆ, ಮಾಳಿಗೆಯಲ್ಲಿ ಬಿಳಿ ಗಾದಿ. ಎರಡು ವರ್ಷಗಳಿಂದ ಅಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಷೇರಿನವರು ಕೂಡುತ್ತಾರೆ. ಹತ್ತಿ ಬೀಜವನ್ನು ಬೆರಳಲ್ಲಿ ಒತ್ತಿ ಎಣ್ಣೆಯ ಲೆಕ್ಕ ಹೇಳುತ್ತಿದ್ದವರು ಈಗ ಎಂದೂ ನೋಡದ ಸಿಮೆಂಟು, ಎಂದೂ ಉಡದ ಜವಳಿ, ಎಂದೂ ಹತ್ತದ ಹಡಗಿನ ಭವಿಷ್ಯ ಹೇಳುತ್ತಿದ್ದಾರೆ. ವಾರದ ಸುದ್ದಿ ಕೇಳಿ, ಬರುವ ವಾರದ ನಿರ್ಧಾರ ಮಾಡಿ, ಹೈದರಾಬಾದಿನ ಬ್ರೋಕರನಿಗೆ ತಂತಿ ಕೊಟ್ಟು ಎದ್ದು ಹೋಗುತ್ತಾರೆ. ದೇವದುರ್ಗದಿಂದ ಎಣ್ಣೆ ಗಿರಣಿಯ ಅಮರೇಶಪ್ಪ ಇದಕ್ಕೆಂದೇ ಬಸ್ಸು ಹತ್ತಿ ಬರುತ್ತಾರೆ. ನಾನು ಚಹಾಕ್ಕಾಗಿ, ಪತ್ರಿಕೆಗಾಗಿ ಹೋಗುತ್ತೇನೆ. (ನನ್ನಲ್ಲಿ ಒಂದು ಷೇರೂ ಇಲ್ಲ. ಈ ಬರಹಕ್ಕೆ ಸ್ವಾರ್ಥ ಹುಡುಕುವವರು ಇದನ್ನು ಗಮನಿಸಬೇಕು.)

ಸುದ್ದಿ ಇರುವುದು ಇಂಗ್ಲಿಷಿನಲ್ಲಿ. ಸಾಹುಕಾರರ ಪೀಳಿಗೆಯವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಹೀಗಾಗಿ ಓದಿ ಕನ್ನಡದಲ್ಲಿ ಹೇಳುವವರೊಬ್ಬರು ಬೇಕು. ಆರಂಭದಲ್ಲಿ ಆ ಕೆಲಸ ನನಗೇ ಬಂದಿತ್ತು. ನಾನು ಪ್ರತಿ ತಾರೀಖಿಗೂ ನಿಂತು, ಹಿಂದಿನ ವಾರ ಇದೇ ಪತ್ರಿಕೆ ಬರೆದದ್ದಕ್ಕೂ ಈ ವಾರದ್ದಕ್ಕೂ ಇರುವ ವಿರೋಧವನ್ನು ವಿವರಿಸತೊಡಗಿದೆ. ಎರಡನೆಯ ವಾರಕ್ಕೆ ನನ್ನನ್ನು ಗೌರವದಿಂದ ಗಾದಿಯ ಮೂಲೆಗೆ ದಾಟಿಸಿದರು. ಸಾಹುಕಾರರು, "ಸರ್ ಓದಾಕ ಕುಂತ್ರ ಪ್ಯಾಟಿ ಮುಚ್ಚಿ ಹೋಗ್ತದ್ರಿ" ಎಂದದ್ದಕ್ಕೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಆ ಜಾಗಕ್ಕೆ ಬಂದವರು ಮರಿಯಪ್ಪ ಮಾಸ್ತರ್. ಮಾನ್ವಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವರು. ಊರು ಬಾಗಲವಾಡ. ತಂದೆ ತಾಯಿ ಪರರ ಹೊಲದಲ್ಲಿ ಕೂಲಿ ಮಾಡಿ ಓದಿಸಿದ ಮಗ. ವಾರದ ಮುನ್ನೋಟವೆಂಬ ಪುಟವನ್ನು ಅವರು ಓದುವಾಗ ಒಂದು ಪದವನ್ನೂ ನುಂಗುತ್ತಿರಲಿಲ್ಲ, ಒಂದು ಪದವನ್ನೂ ಸೇರಿಸುತ್ತಿರಲಿಲ್ಲ. ನನ್ನಂಥ ಸಂಶೋಧಕನಿಗೆ ಇದಕ್ಕಿಂತ ದೊಡ್ಡ ಗುಣ ಗೊತ್ತಿಲ್ಲ. ಅವರಿಗೆ ಇದರಿಂದ ಸಿಗುತ್ತಿದ್ದದ್ದು ಒಂದು ಲೋಟ ಚಹಾ, ಮತ್ತು ಓದಿ ಮುಗಿದ ಮೇಲೆ ಮಕ್ಕಳಿಗೆ ತೋರಿಸಲು ಕ್ರೀಡಾಪುಟ.

ಮಾಸ್ತರಿಗೆ ಗಾದಿಯ ಮೇಲೆ ಜಾಗವಿರಲಿಲ್ಲ. ಕಿಟಕಿಯ ಪಕ್ಕ ಒಂದು ಸ್ಟೂಲು. ಓದುವವರಿಗೆ ಬೆಳಕು ಬೇಕು ಎಂದು ಗಾದಿಯ ಮೇಲಿನವರು ಹೇಳುತ್ತಿದ್ದರು. ಆ ಮಾಳಿಗೆಯಲ್ಲಿ ಟ್ಯೂಬ್‌ಲೈಟ್ ಇರುವುದು ಗಾದಿಯ ಮೇಲೆಯೇ. ಬೆಳಕಿನ ಮಾತನ್ನು ಇಲ್ಲಿಗೆ ಬಿಡುತ್ತೇನೆ.

ಸೆಪ್ಟೆಂಬರ್ ಹದಿನಾಲ್ಕಕ್ಕೆ ಬರೋಣ. ಅಂದು ರೈಲು ತಡ. ಪತ್ರಿಕೆಯ ಕಟ್ಟು ಮಾಳಿಗೆ ಹತ್ತಿದ್ದು ಮಧ್ಯಾಹ್ನದ ಊಟ ಮುಗಿದ ಮೇಲೆ. ವಾರದ ದೊಡ್ಡ ಕುತೂಹಲ ಮುಂಬಯಿಯ ಒಂದು ಜವಳಿ ಗಿರಣಿಯದು. ಅದು ಬೋನಸ್ ಷೇರು ಕೊಡುತ್ತದೆಯೇ? ಅಂದರೆ, ಇದ್ದ ಷೇರಿಗೆ ಪುಕ್ಕಟೆಯಾಗಿ ಇನ್ನೊಂದು ಷೇರು. ನಿರ್ದೇಶಕರು ಶನಿವಾರ ಸಭೆ ಸೇರುವವರಿದ್ದಾರೆ, ಬೋನಸ್ ಸಿಗುವುದೆಂಬ ನಂಬಿಕೆ ಪೇಟೆಯಲ್ಲಿ ಬಲವಾಗಿದೆ ಎಂದು ಮಾಸ್ತರ್ ಓದಿದರು. ಓದಿ, ಪುಟ ತಿರುಗಿಸಿ ನೋಡಿ, ಮೆಲ್ಲಗೆ ಹೇಳಿದರು: "ನಿನ್ನಿ ಸಭಿಯೊಳಗ ಏನಾತು ಅನ್ನೂದು ಇದ್ರಾಗ ಇಲ್ರಿ. ನಾಳಿ ಪೇಪರ್ ನೋಡಿ ಮುಂದಿಂದು ಮಾಡೂದು ಚೊಲೊ."

ಸಾಹುಕಾರರು ಕೊಟ್ಟ ಉತ್ತರ ನನಗೆ ಇನ್ನೂ ಕಿವಿಯಲ್ಲಿದೆ. "ಮಾಸ್ತರ, ನೀವು ಓದ್ರಿ. ಕೊಳ್ಳೂದು ಯಾವಾಗ ಅನ್ನೂದು ನಮಗ ಬಿಡ್ರಿ."

ಹೀಗೆ ಹೇಳಿ, ಗೂಟದ ಮೇಲಿನ ಟೋಪಿ ಹಾಕಿಕೊಂಡು, ತಂತಿ ಕಚೇರಿಗೆಂದು ಎದ್ದರು. ಸಾಹುಕಾರರು ಎದ್ದರೆಂದರೆ ಮಾಳಿಗೆ ಎದ್ದಂತೆ. ಅಮರೇಶಪ್ಪ ಚಪ್ಪಲಿ ಹುಡುಕುತ್ತ ಹಿಂದೆಯೇ ಓಡಿದರು. ಸೋಮವಾರ ಬೆಳಿಗ್ಗೆ ಪೇಟೆ ತೆರೆಯುವಾಗ ಕೊಳ್ಳಬೇಕೆಂದು ಎಲ್ಲರ ತಂತಿ ಹೋಯಿತು.

ಸೋಮವಾರ ಪೇಟೆ ತೆರೆಯಿತು. ಬೋನಸ್ ಇರಲಿಲ್ಲ. ಬೆಲೆ ಬಿದ್ದಿತು.

ಬಿದ್ದವರು ಏನು ಮಾಡಬೇಕು? ಗಿರಣಿಯನ್ನು ಬೈಯಬಹುದು. ತಮ್ಮ ಆಸೆಯನ್ನು ಬೈಯಬಹುದು. ತಮ್ಮನ್ನು ಎಬ್ಬಿಸಿಕೊಂಡು ಹೋದ ಸಾಹುಕಾರರನ್ನು ಬೈಯಬಹುದು. ಅಮರೇಶಪ್ಪ ಆ ಕೆಲಸ ಆರಂಭಿಸಿಯೂ ಇದ್ದರಂತೆ. ಅಷ್ಟರಲ್ಲಿ ಸಾಹುಕಾರರು ತಮ್ಮ ಗುಮಾಸ್ತರನ್ನು ಗ್ರಂಥಾಲಯಕ್ಕೆ ಕಳಿಸಿ, ಹದಿನಾಲ್ಕನೆಯ ತಾರೀಖಿನ ಅದೇ ಪತ್ರಿಕೆಯ ಝೆರಾಕ್ಸ್ ತರಿಸಿದರು. ಮೊದಲ ಪುಟದಲ್ಲಿಯೇ ಸುದ್ದಿ: ಸಭೆ ಮುಗಿದಿದೆ, ಬೋನಸ್ ಇಲ್ಲ.

ಅದೇ ಪತ್ರಿಕೆ, ಅದೇ ತಾರೀಖು, ಮೊದಲ ಪುಟ. ಹಾಗಾದರೆ ಮಾಸ್ತರ್ ಓದಿದ್ದೇನು?

ಅಲ್ಲಿಂದ ಅರ್ಜಿ ಹುಟ್ಟಿತು. ಮಾನ್ವಿಯ ಶಾಲೆಯ ಆಡಳಿತ ಮಂಡಳಿಗೆ. (ಮಂಡಳಿಯಲ್ಲಿ ಸಾಹುಕಾರರ ಬೀಗರೊಬ್ಬರಿದ್ದಾರೆ.) ಅರ್ಜಿಯ ಸಾಲುಗಳನ್ನು ಇದ್ದಂತೆಯೇ ಕೊಡುತ್ತೇನೆ: "ಸದರಿ ದಿನ ರೈಲು ತಡವಾಗಿ ಪತ್ರಿಕೆಯು ಮಧ್ಯಾಹ್ನ ಬಂದಿದ್ದು, ಸದರಿ ಶಿಕ್ಷಕರು ಇಲ್ಲದ ಬೋನಸ್ಸನ್ನು ಉಂಟೆಂದು ಓದಿದ್ದನ್ನು ನಾವು ನಮ್ಮ ಕಿವಿಯಾರೆ ಕೇಳಿ, ಆ ಮೇರೆಗೆ ಲಗತ್ತಿಸಿದ ತಂತಿಯನ್ನು ಕೊಟ್ಟು ಹಾನಿಗೊಳಗಾಗಿದ್ದೇವೆ. ಇಂಗ್ಲಿಷ್ ಓದಲು ಬಾರದ ಇಂಥವರಿಂದ ಹತ್ತನೆಯ ತರಗತಿಗೆ ಪಾಠ ಮಾಡಿಸುವುದು ಮಕ್ಕಳ ಭವಿಷ್ಯಕ್ಕೆ ಘಾತಕ."

ಮಕ್ಕಳ ಭವಿಷ್ಯವಂತೆ! ಮುಂದಿನ ಸೋಮವಾರದ ಭವಿಷ್ಯ ಕಾಣದವರು ಬರೆದ ಸಾಲು ಇದು.

ನೀವು ಕೇಳಬಹುದು: ನೀವೇ ಅಲ್ಲಿದ್ದಿರಲ್ಲ, ಮಾಸ್ತರ್ ಹಾಗೆ ಓದಲಿಲ್ಲವೆಂದು ಎದುರಿಗೇ ಹೇಳಬಾರದಿತ್ತೇ? ಹೇಳಿದೆ. ಸಾಹುಕಾರರು ನಕ್ಕು ಝೆರಾಕ್ಸ್ ಮುಂದಿಟ್ಟರು. "ಸರ್, ನೆನಪು ಸುಳ್ಳು ಹೇಳ್ತದ, ಕಾಗದ ಹೇಳೂದಿಲ್ಲ ಅಂತ ನೀವ ಅಲ್ಲೇನ್ರಿ ನಮಗ ಕಲಿಸಿದವ್ರು?"

ಮಾತು ನನ್ನದೇ. ನುಂಗಬೇಕಾಯಿತು. ನೆನಪನ್ನು ನಾನು ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಆದ್ದರಿಂದ ಒಂದೇ ಪ್ರಶ್ನೆ ಕೇಳಿದೆ. ಅಂದು ಮಾಸ್ತರ್ ಕೈಯಲ್ಲಿದ್ದ ಪ್ರತಿ ಎಲ್ಲಿ?

"ಅದೆಲ್ಲಿರ್ತದ್ರಿ? ಅರಳಿ ಸುತ್ತಾಕ ಹೋಗಿರ್ತದ."

ಗಂಜಿನಲ್ಲಿ ಅರಳೆಯ, ಅಂದರೆ ಹತ್ತಿಯ ನಮೂನೆಯನ್ನು ಹಳೆಯ ಪತ್ರಿಕೆಯಲ್ಲಿ ಸುರುಳಿ ಸುತ್ತಿ, ಮೇಲೆ ರೈತನ ಹೆಸರು ಬರೆದು ಗೂಡಿನಲ್ಲಿಡುತ್ತಾರೆ. ಗೂಡು ನನ್ನ ಬೆನ್ನ ಹಿಂದೆಯೇ ಇತ್ತು. ಅಪ್ಪಣೆ ಕೇಳದೆ ಎದ್ದು ಒಂದೊಂದೇ ಸುರುಳಿ ಬಿಚ್ಚತೊಡಗಿದೆ. ಚಂದ್ರಬಂಡದ ಹತ್ತಿ ಬಂತು, ಗಿಲ್ಲೆಸುಗೂರಿನದು ಬಂತು. ನನ್ನ ಕರಿಯ ಕೋಟೆಲ್ಲ ಬಿಳಿಯಾಯಿತು. ಈ ಮುದುಕನಿಗೆ ತಲೆ ಕೆಟ್ಟಿದೆ ಎನ್ನುವಂತೆ ಎಲ್ಲರೂ ನೋಡುತ್ತಿದ್ದರು. ಅಮರೇಶಪ್ಪ ಒಬ್ಬರೇ ಎದ್ದು ಬಂದು, "ನೀವು ತಾರೀಖು ನೋಡ್ರಿ, ನಾ ಬಿಚ್ಚತೀನಿ" ಎಂದರು.

ಸಿಕ್ಕಿತು. ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ. ಮೊದಲ ಪುಟದಲ್ಲಿ ಸಭೆಯ ಫಲಿತಾಂಶವಿಲ್ಲ. ಒಳಪುಟದಲ್ಲಿ ಮಾಸ್ತರ್ ಓದಿದ ಸಾಲುಗಳು, ಮಾಸ್ತರ್ ಓದಿದಂತೆಯೇ. ಪತ್ರಿಕೆಯ ಹೆಸರಿನ ಕೆಳಗೆ, ಕನ್ನಡಕ ತೆಗೆದು ಹತ್ತಿರ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ, ಒಂದು ಪದ: ಡಾಕ್.

ಓದುಗರೇ, ಇದು ಇಡೀ ರಾಯಚೂರು ಜಿಲ್ಲೆಗೆ ತಿಳಿದಿರಬೇಕಾದ ಸಂಗತಿ. ಮುಂಬಯಿಯವರು ನಮ್ಮಂಥ ದೂರದ ಊರುಗಳಿಗಾಗಿ ಪತ್ರಿಕೆಯನ್ನು ಹಿಂದಿನ ದಿನ ಸಂಜೆಯೇ ಅಚ್ಚು ಹಾಕಿ ರಾತ್ರಿಯ ರೈಲಿಗೆ ಏರಿಸುತ್ತಾರೆ. ಅದೇ ಡಾಕ್ ಆವೃತ್ತಿ. ಮೇಲೆ ಮಾತ್ರ ಮರುದಿನದ ತಾರೀಖು. ಸಂಜೆಯ ಮೇಲೆ ನಡೆದದ್ದೆಲ್ಲ ಅಲ್ಲಿನವರಿಗಾಗಿ ಮಧ್ಯರಾತ್ರಿ ಮುದ್ರಿಸುವ ಪ್ರತಿಯಲ್ಲಿ ಬರುತ್ತದೆ. ನಮ್ಮ ಗ್ರಂಥಾಲಯಕ್ಕೆ ಪತ್ರಿಕೆ ಬರುವುದು ಅಂಚೆಯಲ್ಲಿ, ಎರಡು ದಿನ ತಡವಾಗಿ. ಅದು ಆ ಮಧ್ಯರಾತ್ರಿಯ ಪ್ರತಿ. ಒಂದೇ ತಾರೀಖಿನ ಎರಡು ಪತ್ರಿಕೆ. ಮುಂಬಯಿಯವನಿಗೆ ಭಾನುವಾರ ಭಾನುವಾರವೇ. ನಮಗೆ ಭಾನುವಾರವೆಂದು ಮಾರುವುದು ಶನಿವಾರ ಸಂಜೆಯನ್ನು. ಆ ಹಳಸಿದ ಸಂಜೆಯ ಮೇಲೆ ಇವರು ಸೋಮವಾರವನ್ನು ಕಟ್ಟುತ್ತಾರೆ! ಕುಸಿದರೆ, ಓದಿದವನಿಗೆ ಓದಲು ಬರುವುದಿಲ್ಲ.

ಎರಡೂ ಪ್ರತಿಗಳನ್ನು ಗಾದಿಯ ಮೇಲೆ ಪಕ್ಕಪಕ್ಕದಲ್ಲಿ ಹಾಸಿದೆ. ಈಗಲಾದರೂ ಅರ್ಜಿ ಹರಿದು ಹಾಕುತ್ತಾರೆ ಎಂದುಕೊಂಡೆ. ಸಾಹುಕಾರರು ಎರಡನ್ನೂ ನೋಡಿ, ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸರಿಸಿ, ಹೀಗೆ ಹೇಳಿದರು:

"ಪೇಪರ್ ಎರಡು ನಮೂನಿ ಇದ್ರ ಅದು ಪೇಪರಿನವ್ರ ತಪ್ಪು. ಆದ್ರ ಕಲತಾವ ಅನಿಸಿಕೊಂಡಾವ ಅದನ್ನ ತಿಳಕೊಂಡು ಓದಬೇಕಾಗಿತ್ತು ಇಲ್ಲೋ? ಸ್ಟೂಲ್ ಮ್ಯಾಲ ಸುಮ್ನ ಕುಂದ್ರಾಕ ಕರಸ್ತಿದ್ವೇನು?"

ಅಂದರೆ ಓದಲು ಬರುವುದಿಲ್ಲವೆಂಬ ಆರೋಪ ಬಿದ್ದುಹೋದ ಕ್ಷಣವೇ, ಓದಿದ್ದು ಸಾಲದೆಂಬ ಹೊಸ ಆರೋಪ ಎದ್ದಿತು. ಅರ್ಜಿ ಮಾತ್ರ ಹಳೆಯದೇ. "ನಾಳಿ ಪೇಪರ್ ನೋಡಿ" ಎಂದು ಎಚ್ಚರಿಸಿದವರು ಯಾರು? ನೀವು ಓದಿದರೆ ಸಾಕು ಎಂದವರು ಯಾರು? ಕೇಳಿದೆ. ಹಾಗೆ ಯಾರೂ ಅಂದ ನೆನಪು ಒಬ್ಬರಿಗೂ ಇಲ್ಲ. ಗಾದಿಯ ಮೇಲಿನವರ ನೆನಪುಗಳು ಎಷ್ಟು ಒಗ್ಗಟ್ಟಿನಿಂದಿರುತ್ತವೆ! ಅಮರೇಶಪ್ಪ ಮಾತ್ರ ತಲೆ ತಗ್ಗಿಸಿಕೊಂಡು ಅಂಗಿಯ ಮೇಲಿನ ಅರಳೆ ಆರಿಸುತ್ತಿದ್ದರು. ನನ್ನ ಸಹಿ ಇಲ್ಲದೆಯೇ ಅರ್ಜಿ ಮಾನ್ವಿಗೆ ಹೋಯಿತು. ಲಗತ್ತುಗಳ ಸಮೇತ ಅದರ ಒಂದು ನಕಲನ್ನು ನಾನು ಕೇಳಿ ಇಟ್ಟುಕೊಂಡೆ.

ಮಂಗಳವಾರ ಮಾನ್ವಿಗೆ ಹೋದೆ. ಮಂಡಳಿ ಸಭೆ ಸೇರುವುದು ದಸರಾ ರಜೆಗೆ ಮೊದಲು. ಆದರೆ ಮಾಸ್ತರನ್ನು ಅಷ್ಟರೊಳಗೇ ಹತ್ತನೆಯ ತರಗತಿಯಿಂದ ಬಿಡಿಸಿದ್ದಾರೆ. ಈಗ ಎಂಟನೆಯವರಿಗೆ ಚಿತ್ರಕಲೆಯ ಅವಧಿ ನೋಡಿಕೊಳ್ಳುತ್ತಾರೆ. ಬೇವಿನ ಮರದ ಕೆಳಗೆ ನಿಂತು ಮಾತನಾಡಿದೆವು. ಎರಡು ಆವೃತ್ತಿಯ ವಿಚಾರ ಹೇಳಿದೆ. ಸಿಟ್ಟಾಗುತ್ತಾರೆ, ಇಲ್ಲವೇ ಹಗುರಾಗುತ್ತಾರೆ ಎಂದು ಕಾದೆ. ಎರಡೂ ಆಗಲಿಲ್ಲ. ಹತ್ತನೆಯವರಿಗೆ ಇನ್ನೂ ಅರ್ಧ ಪಾಠ ಉಳಿದಿದೆ, ಅವರನ್ನು ಯಾರು ನೋಡುತ್ತಾರೋ ಎಂದರು. ಆಮೇಲೆ ಕೈಯಲ್ಲಿನ ಸೀಮೆಸುಣ್ಣ ನೋಡುತ್ತ ಹೇಳಿದರು:

"ಬಾಗಲವಾಡದ ತನಕ ಮಾತು ಹೋಗ್ಯಾದ್ರಿ ಸರ್. ಮೊನ್ನಿ ಊರಿಗೆ ಹೋದಾಗ ನಮ್ಮ ಯವ್ವ ಬಾಜೂಕ ಬಂದು ಕುಂತು, ಯಾರಿಗೂ ಕೇಳ್ದಂಗ ಕೇಳಿದ್ಲು. ನಿನಗ ಓದಾಕ ಬರ್ತದಲ್ಲೋ ಯಪ್ಪಾ, ಅಂತ."

ಬಸ್ಸು ಹತ್ತಿದೆ. ಸಾಹುಕಾರರು ಕಳೆದುಕೊಂಡದ್ದು ಬರುವ ಹತ್ತಿಯ ಹಂಗಾಮಿನಲ್ಲಿ ವಾಪಸ್ಸು ಬರುತ್ತದೆ. ಜೀವನವಿಡೀ ಬಾಗಿ ದುಡಿದು ಮಗನನ್ನು ಓದಿಸಿದ ಆ ತಾಯಿಯ ಬಾಯಲ್ಲಿ ಬಂದ ಪ್ರಶ್ನೆಯನ್ನು ಯಾವ ಪೇಟೆ ವಾಪಸ್ಸು ಕೊಳ್ಳುತ್ತದೆ?

ಮನೆಗೆ ಬಂದು, ಕೋಪ ಇಳಿಯದೆ, ಅರ್ಜಿಯ ನಕಲನ್ನು ಮತ್ತೆ ಓದಿದೆ. ಲಗತ್ತುಗಳನ್ನೂ ಓದಿದೆ. ಹಾನಿಗೆ ಸಾಕ್ಷಿಯೆಂದು ಸಾಹುಕಾರರು ತಮ್ಮ ತಂತಿಯನ್ನೇ ಬ್ರೋಕರನಿಂದ ವಾಪಸ್ಸು ತರಿಸಿ ಸೇರಿಸಿದ್ದಾರೆ. ಅದನ್ನು ಅವರು ನೋಡಿಲ್ಲ, ಗುಮಾಸ್ತರು ನೋಡಿಲ್ಲ, ಸಹಿ ಹಾಕಿದವರು ನೋಡಿಲ್ಲ. ತಂತಿಯ ಮೇಲಿನ ಸಾಲಿನಲ್ಲಿ, ಅದನ್ನು ಕೊಟ್ಟ ಊರು, ತಾರೀಖು, ವೇಳೆ ಅಚ್ಚಾಗಿರುತ್ತದೆ.

ನನಗೆ ಚೆನ್ನಾಗಿ ನೆನಪಿದೆ: ಪತ್ರಿಕೆ ಓದಿದ ಮೇಲೆ ಸಾಹುಕಾರರು ಟೋಪಿ ಹಾಕಿಕೊಂಡು ತಂತಿ ಕಚೇರಿಗೆ ಎದ್ದದ್ದು. ಅಮರೇಶಪ್ಪನವರಿಗೂ ಅದೇ ನೆನಪು. ಅರ್ಜಿಯಲ್ಲಿಯೂ ಅದೇ ಇದೆ. ಆದರೆ ಸಾಹುಕಾರರು ಗಿರಣಿಯ ಷೇರು ಕೊಳ್ಳಲು ಹೇಳಿದ ಆ ತಂತಿಯ ಮೇಲೆ ಹೀಗಿದೆ: ರಾಯಚೂರು, ಹದಿನಾಲ್ಕು, ಬೆಳಿಗ್ಗೆ ಹತ್ತೂಕಾಲು.

ಮಧ್ಯಾಹ್ನ ಮಾಸ್ತರ್ ಓದಿದ್ದನ್ನು ಬೆಳಿಗ್ಗೆ ಹತ್ತೂಕಾಲಿಗೇ ಕೇಳಿಸಿಕೊಂಡ ಕಿವಿ ಯಾವುದು, ಸಾಹುಕಾರರೇ?