ಅತ್ತೆ ಒಣಗಿಸಿದ ಕಳ್ಳಿ

ನಮ್ಮ ಜಗಲಿಯಲ್ಲಿ ಕಂಬಕಳ್ಳಿಗಳು ಸಾಲಾಗಿ ನಿಂತಿವೆ. ಒಂದರ ಮೈ ನೀಲಿ, ಇನ್ನೊಂದಕ್ಕೆ ಮುದುಕರ ಹಾಗೆ ಬಿಳಿಕೂದಲು. ನನ್ನ ಮುದ್ದಿನದು ಸುರುಳಿ ಕಳ್ಳಿ, ಹಿಂಡಿದ ಬಟ್ಟೆಯಂತೆ ತಿರುಚಿಕೊಂಡೇ ಮೇಲೇರುತ್ತದೆ. ಗೇಣುದ್ದದ ತುಂಡನ್ನು ಸೊಂಟದೆತ್ತರ ಬೆಳೆಸಿದ್ದೆ.

"ಎಲೆ ಇಲ್ಲ, ನೆರಳಿಲ್ಲ, ಇದನ್ನು ಸಾಕುದು ಎಂತಕ್ಕೆ?" ಎಂದು ಅತ್ತೆ ಕೇಳುತ್ತಿದ್ದರು. ಕಾಡಾನೆ ತೋಟಕ್ಕೆ ನುಗ್ಗುವ ನಮ್ಮ ಗುತ್ತಿಗಾರಿನಲ್ಲಿ ಆನೆಗೂ ಬೇಡದ ಬೆಳೆ ಇದೊಂದೇ ಎಂದು ನಾನು ಹೇಳುತ್ತಿದ್ದೆ.

ಕಳೆದ ಬೇಸಗೆಯಲ್ಲಿ ನನ್ನ ಅಮ್ಮನ ಕಣ್ಣಿನ ಆಪರೇಷನ್ನಿಗೆಂದು ಪುತ್ತೂರಿಗೆ ಹೋದವಳು ಕೆಲವು ವಾರ ಅಲ್ಲೇ ಉಳಿದೆ. ಹಿಂದಿರುಗಿ ನೋಡಿದರೆ ಸುರುಳಿ ಕಳ್ಳಿ ವಾಲಿತ್ತು. ಅಡಿಕೆ ಸಸಿಗೆ ಮಾಡುವಂತೆ ಅತ್ತೆ ಬುಡಕ್ಕೆ ಅಡಿಕೆ ಸಿಪ್ಪೆ ಹೊದೆಸಿ, ದಿನವೂ ಸೆಗಣಿ ನೀರು ಹೊಯ್ದಿದ್ದರು. ಒತ್ತಿದರೆ ಬೆರಳು ಒಳಗೇ ಹೋಯಿತು. ಸಿಟ್ಟು ನೆತ್ತಿಗೇರಿತು ನನಗೆ.

"ಮೈ ಸುಕ್ಕಾಗಿತ್ತು ಮಾರಾಯ್ತಿ. ಬಾಯಾರಿದ್ದು ಅಂತ ಎಣಿಸಿದೆ" ಅಂದರು ಅತ್ತೆ. ಆ ಮುಖ ನೋಡಿ ಪಾಪ ಅನ್ನಿಸಿತು.

"ಇನ್ನು ಯಾವ ಗಿಡವನ್ನೂ ನಾನು ಮುಟ್ಟುದಿಲ್ಲ" ಎಂದು ಅವರೇ ಹೇಳಿದರು.

ಮರುದಿನದಿಂದ ಅವರು ತಮ್ಮ ಬಸಳೆ ಚಪ್ಪರದ ಕಡೆಗೂ ಹೋಗಲಿಲ್ಲ. ಕಳ್ಳಿ ಸತ್ತರೆ ಇನ್ನೊಂದು ತರಬಹುದು, ಅತ್ತೆಯ ಕೈಗೆ ಧೈರ್ಯವನ್ನು ಎಲ್ಲಿಂದ ತರುವುದು?

ಕೊಳೆತ ಭಾಗವನ್ನೆಲ್ಲ ಕತ್ತರಿಸಿ ತೆಗೆದೆ. ಉಳಿದ ತುಂಡಿನ ಗಾಯ ಪೂರ್ತಿ ಒಣಗದೆ ನೆಟ್ಟರೆ ಅದೂ ಕೊಳೆಯುತ್ತದೆ. ಅದನ್ನು ಅತ್ತೆಯ ಮುಂದಿಟ್ಟು, "ಒಣಗಿಸಿ ಕೊಡಿ ಅತ್ತೆ. ಅಡಿಕೆಯ ಹಾಗೆಯೇ, ಆದರೆ ನೆರಳಲ್ಲಿ" ಅಂದೆ. ಸಂಜೆ ನೋಡಿದರೆ ತುಂಡು ಮಗ್ಗುಲು ಬದಲಿಸಿತ್ತು.

ಆಮೇಲೆ ಅಂಗಳದ ಅಡಿಕೆಯಂತೆ ಅದನ್ನೂ ದಿನಾ ಮಗುಚಿದರು, ಗಾಯಕ್ಕೆ ಬೂದಿ ಸವರಿದರು, ಉಗುರಿನಿಂದ ಒತ್ತಿ ನೋಡಿದರು. ಸಾಕಲ್ವಾ ಎಂದು ನಾನು ಅವಸರ ಮಾಡಿದಾಗಲೆಲ್ಲ "ಇನ್ನೂ ಹಸಿ ಉಂಟು" ಎನ್ನುವ ಉತ್ತರ. ಕೊನೆಗೊಮ್ಮೆ ಅವರು ತಲೆಯಾಡಿಸಿದ ಮೇಲೆ ಜಲ್ಲಿ, ಮರಳು ಬೆರೆಸಿ ನೆಟ್ಟೆವು. ಮಳೆ ಹಿಡಿಯುವ ಹೊತ್ತಿಗೆ ತುದಿಯಲ್ಲಿ ಎಳೆ ಹಸಿರು ಕಂಡಿತು.

ಮೊನ್ನೆ ಮತ್ತೆ ಪುತ್ತೂರಿಗೆ ಹೊರಟಾಗ, "ಕಳ್ಳಿ ನೋಡಿಕೊಳ್ಳಿ ಅತ್ತೆ" ಅಂದೆ.

"ನೀರು?"

"ಬೇಡ."

"ಗೊಬ್ಬರ?"

"ಬೇಡ."

"ಮತ್ತೆ ನಾನು ಎಂತ ಮಾಡುದು?"

"ನೋಡಿಕೊಂಡಿದ್ದರೆ ಸಾಕು."

ನಾನು ಮರಳಿ ಬಂದಾಗ ಅತ್ತೆ ತರಕಾರಿ ಹೆಚ್ಚುವ ಮೆಟ್ಟುಕತ್ತಿಯನ್ನು ಅಡುಗೆಮನೆಯಿಂದ ಜಗಲಿಗೆ ತಂದು, ಕಳ್ಳಿಯ ಎದುರಿಗೇ ಇಟ್ಟುಕೊಂಡು, ತಮ್ಮ ಚಪ್ಪರದ ಬಸಳೆ ಕೊರೆಯುತ್ತ ಕುಳಿತಿದ್ದರು.